ನೇಪಾಳದ ಪ್ರಾಂತ್ಯ ಮತ್ತು ಪಾಲಿಕೆಗಳ ನಡುವೆ ಜಿಲ್ಲೆಗೆ ಉಳಿದ ಕೆಲಸವೇನು?

ಪ್ರಶ್ನೆ

ನಾನು ಪದವಿಪೂರ್ವ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಬೋಧಿಸುತ್ತೇನೆ. ಒಕ್ಕೂಟ ವ್ಯವಸ್ಥೆಯ ಪಾಠಕ್ಕೆ ನೆರೆಯ ದೇಶದ ಉದಾಹರಣೆಯೊಂದು ಬೇಕೆನಿಸಿ ನೇಪಾಳದ ಸಂವಿಧಾನವನ್ನು ಓದತೊಡಗಿದೆ. 2015ರ ಸೆಪ್ಟೆಂಬರ್ 20ರಂದು ಜಾರಿಗೆ ಬಂದ ಆ ಸಂವಿಧಾನದ ಪ್ರಕಾರ ದೇಶದಲ್ಲಿ ಈಗ 7 ಪ್ರಾಂತ್ಯಗಳು, ಪಾಲಿಕೆಗಳೆಂದು ಕರೆಯುವ 753 ಸ್ಥಳೀಯ ಸರ್ಕಾರಗಳು ಮತ್ತು ಇವೆರಡರ ನಡುವೆ 77 ಜಿಲ್ಲೆಗಳಿವೆ. ಗೊಂದಲವಿರುವುದು ಈ ಜಿಲ್ಲೆಗಳ ಬಗ್ಗೆ. ನಮ್ಮಲ್ಲಿ ಊರಿನ ಯಾವ ದೊಡ್ಡ ಕೆಲಸವಾದರೂ ಜಿಲ್ಲಾಧಿಕಾರಿಯವರ ಕಚೇರಿಯನ್ನೋ ಜಿಲ್ಲಾ ಪಂಚಾಯಿತಿಯನ್ನೋ ಹಾದೇ ಹೋಗಬೇಕು. ನೇಪಾಳದ ಸಂವಿಧಾನವಾದರೋ ಆಡಳಿತಕ್ಕೆ ಒಕ್ಕೂಟ, ಪ್ರಾಂತ್ಯ, ಸ್ಥಳೀಯ ಎಂಬ ಮೂರೇ ಹಂತಗಳನ್ನು ಹೇಳುತ್ತದೆ. ಹಾಗಿದ್ದ ಮೇಲೆ ಜಿಲ್ಲೆಯನ್ನು ಏಕೆ ಉಳಿಸಿಕೊಂಡರು? ಅಲ್ಲಿನ ಹಳ್ಳಿಗಳ ಸ್ಥಳೀಯ ಸರ್ಕಾರವಾದ ಗಾಂವ್‌ಪಾಲಿಕೆಯೆಂದರೆ ನಮ್ಮ ಗ್ರಾಮ ಪಂಚಾಯಿತಿಯೇ ಅಲ್ಲವೇ ಎಂದು ವಿದ್ಯಾರ್ಥಿಗಳು ಕೇಳಿದರೆ ಏನು ಹೇಳಬೇಕು?

ಮೊದಲ ಉತ್ತರ

ಎರಡನೆಯ ಪ್ರಶ್ನೆಯಿಂದ ಆರಂಭಿಸುತ್ತೇನೆ, ಏಕೆಂದರೆ ಮೊದಲನೆಯದರ ಉತ್ತರವೂ ಅದರೊಳಗೇ ಇದೆ. ನಮ್ಮ ಸಂವಿಧಾನದಲ್ಲಿ ಸ್ಥಳೀಯ ಆಡಳಿತವು ರಾಜ್ಯ ಪಟ್ಟಿಯ ವಿಷಯ; ಪಂಚಾಯಿತಿಗೆ ಯಾವ ಅಧಿಕಾರ ಕೊಡಬೇಕೆಂಬುದನ್ನು 243ಜಿ ವಿಧಿಯು ರಾಜ್ಯ ಶಾಸನಸಭೆಗೇ ಬಿಟ್ಟಿದೆ. ನೇಪಾಳದಲ್ಲಿ ಹಾಗಿಲ್ಲ. ಅಲ್ಲಿನ ಸಂವಿಧಾನದ 8ನೆಯ ಅನುಸೂಚಿಯು ಮೂಲ ಮತ್ತು ಮಾಧ್ಯಮಿಕ ಶಿಕ್ಷಣ, ಪ್ರಾಥಮಿಕ ಆರೋಗ್ಯ, ಸ್ಥಳೀಯ ತೆರಿಗೆ ಸೇರಿದಂತೆ 22 ವಿಷಯಗಳನ್ನು ನೇರವಾಗಿ ಸ್ಥಳೀಯ ಸರ್ಕಾರಕ್ಕೇ ವಹಿಸಿದೆ. ಆದ್ದರಿಂದ ಗಾಂವ್‌ಪಾಲಿಕೆಯು ಪ್ರಾಂತ್ಯ ಕೊಟ್ಟ ಅಧಿಕಾರದಿಂದ ನಡೆಯುವ ಸಂಸ್ಥೆಯಲ್ಲ. ತನ್ನ ಸಭೆಯಲ್ಲಿ ಕಾನೂನು ಮಾಡಬಲ್ಲ, ಬಜೆಟ್ ಮಂಜೂರು ಮಾಡಬಲ್ಲ ಸರ್ಕಾರ. ಗಾತ್ರದಲ್ಲಿಯೂ ಅದು ನಮ್ಮ ಗ್ರಾಮ ಪಂಚಾಯಿತಿಗಿಂತ ದೊಡ್ಡದು. ಹಿಂದೆ ಮೂರು ಸಾವಿರಕ್ಕೂ ಹೆಚ್ಚು ಗ್ರಾಮ ವಿಕಾಸ ಸಮಿತಿಗಳಿದ್ದವು. ಅವುಗಳನ್ನು ಕೂಡಿಸಿ, ಕೆಲವನ್ನು ಪಟ್ಟಣಗಳಿಗೆ ಸೇರಿಸಿ, ಈಗಿನ 460 ಗಾಂವ್‌ಪಾಲಿಕೆ, 276 ನಗರಪಾಲಿಕೆ, 11 ಉಪಮಹಾನಗರಪಾಲಿಕೆ ಮತ್ತು 6 ಮಹಾನಗರಪಾಲಿಕೆಗಳನ್ನು ರೂಪಿಸಿದರು.

ಜಿಲ್ಲೆಗೆ ಬಂದರೆ, ಅಲ್ಲಿ ಎರಡು ಸಂಸ್ಥೆಗಳಿವೆ. ಜಿಲ್ಲಾ ಸಮನ್ವಯ ಸಮಿತಿಯನ್ನು ಆ ಜಿಲ್ಲೆಯ ಪಾಲಿಕೆಗಳ ಮುಖ್ಯಸ್ಥರು ಮತ್ತು ಉಪಮುಖ್ಯಸ್ಥರು ಸೇರಿದ ಜಿಲ್ಲಾ ಸಭೆಯು ಚುನಾಯಿಸುತ್ತದೆ. ಹೊಂದಾಣಿಕೆ ಮತ್ತು ಮೇಲ್ವಿಚಾರಣೆಯೇ ಅದರ ಕೆಲಸ, ಆಳುವ ಅಧಿಕಾರ ಅದಕ್ಕಿಲ್ಲ. ಇನ್ನೊಂದು ಜಿಲ್ಲಾ ಆಡಳಿತ ಕಚೇರಿ. ಅದರ ಪ್ರಮುಖ ಜಿಲ್ಲಾ ಅಧಿಕಾರಿಯು ಕಾಠ್ಮಂಡುವಿನ ಗೃಹ ಸಚಿವಾಲಯಕ್ಕೆ ಉತ್ತರದಾಯಿ, ಪ್ರಾಂತ್ಯಕ್ಕಲ್ಲ. ನನ್ನ ಅಭಿಪ್ರಾಯದಲ್ಲಿ ಅಲ್ಲಿ ಜಿಲ್ಲೆ ಉಳಿದಿರುವುದು ಊರಿನ ಸಲುವಾಗಿ ಅಲ್ಲ, ಶಾಂತಿಸುವ್ಯವಸ್ಥೆ ಮತ್ತು ಪೌರತ್ವದ ವಿಷಯದಲ್ಲಿ ಕೇಂದ್ರದ ಕೈ ಪ್ರಾಂತ್ಯದೊಳಕ್ಕೂ ಚಾಚಿರಲಿ ಎಂಬ ಕಾರಣಕ್ಕೆ.

ಎರಡನೆಯ ಉತ್ತರ

ನಾನು ಎರಡು ವರ್ಷ ನೇಪಾಳದ ಪೋಖರಾ ನಗರದಲ್ಲಿ ಕೆಲಸದಲ್ಲಿದ್ದೆ. ಮೇಲಿನವರು ಹೇಳಿದ್ದನ್ನು ಕಣ್ಣಾರೆ ಕಂಡ ಒಂದು ಸಂಗತಿಯೊಂದಿಗೆ ಸೇರಿಸಬಯಸುತ್ತೇನೆ. ನಮ್ಮ ಮನೆಯ ಮಾಲೀಕರ ಮಗನಿಗೆ ಪೌರತ್ವ ಪ್ರಮಾಣಪತ್ರ ಬೇಕಾಗಿತ್ತು. ತಂದೆ ಮಗ ಇಬ್ಬರೂ ಮೊದಲು ಹೋದದ್ದು ಮನೆಯಿಂದ ಹತ್ತು ನಿಮಿಷ ನಡೆದರೆ ಸಿಗುವ ವಾರ್ಡ್ ಕಚೇರಿಗೆ. ಅಲ್ಲಿ ‘ಸಿಫಾರಿಸ್’ ಎಂಬ ಪತ್ರ ಪಡೆಯಬೇಕು. ನಾವು ಶಿಫಾರಸು ಎನ್ನುವ ಪದವೇ ಅದು. ವಾರ್ಡ್ ಅಧ್ಯಕ್ಷರು ಹುಡುಗನ ಮುಖ ನೋಡಿ, ಅಜ್ಜನ ಆರೋಗ್ಯ ವಿಚಾರಿಸಿ, ಸಹಿ ಹಾಕಿ ಮೊಹರು ಒತ್ತಿದರು. ಆ ಪತ್ರ ಹಿಡಿದು ಮರುದಿನ ಜಿಲ್ಲಾ ಆಡಳಿತ ಕಚೇರಿಯ ಸರತಿಯಲ್ಲಿ ನಿಂತರು, ಏಕೆಂದರೆ ಪೌರತ್ವ ಕೊಡುವ ಅಧಿಕಾರ ಇರುವುದು ಅಲ್ಲಿ ಮಾತ್ರ. ಇವನು ನಮ್ಮವನು ಎಂದು ಹೇಳಬಲ್ಲವರು ವಾರ್ಡಿನವರು, ಇವನು ದೇಶದವನು ಎಂದು ಬರೆದುಕೊಡುವವರು ಜಿಲ್ಲೆಯವರು.

ಪ್ರತಿ ವಾರ್ಡಿಗೆ ಒಬ್ಬ ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರಿದ್ದು, ಆ ನಾಲ್ವರಲ್ಲಿ ಇಬ್ಬರು ಮಹಿಳೆಯರಿರಬೇಕು, ಅವರಲ್ಲೊಬ್ಬರು ದಲಿತ ಮಹಿಳೆಯಾಗಿರಬೇಕು. ವಿದ್ಯಾರ್ಥಿಗಳಿಗೆ ತಪ್ಪದೆ ಹೇಳಬೇಕಾದ ಇನ್ನೊಂದು ವಿಷಯವೆಂದರೆ ನ್ಯಾಯಿಕ ಸಮಿತಿ. ಪಾಲಿಕೆಯ ಉಪಮುಖ್ಯಸ್ಥರೇ ಅದರ ಸಂಯೋಜಕರು. ಹೊಲದ ಬದುವಿನ ಜಗಳ, ಕಾಲುವೆ ನೀರಿನ ಹಂಚಿಕೆ, ಕೊಡದೆ ಉಳಿಸಿಕೊಂಡ ಕೂಲಿ, ಮುಪ್ಪಿನ ತಂದೆತಾಯಿಯರನ್ನು ನೋಡಿಕೊಳ್ಳದ ಮಕ್ಕಳ ಮೇಲಿನ ದೂರು, ಇವೆಲ್ಲ ಮೊದಲು ಅಲ್ಲಿಗೆ ಬರುತ್ತವೆ. 2017ರಲ್ಲಿ ಆಯ್ಕೆಯಾದ ಉಪಮುಖ್ಯಸ್ಥರಲ್ಲಿ ಬಹುಪಾಲು ಮಹಿಳೆಯರೇ ಆಗಿದ್ದರಿಂದ, ಊರಿನ ಹೆಣ್ಣುಮಕ್ಕಳು ಹೆದರದೆ ಬಂದು ತಮ್ಮ ಕಷ್ಟ ಹೇಳಿಕೊಳ್ಳುವುದನ್ನು ನಾನು ನೋಡಿದ್ದೇನೆ.

ಮೂರನೆಯ ಉತ್ತರ

ಇಬ್ಬರೂ ಪಾಲಿಕೆಯನ್ನು ಮೆಚ್ಚಿ ಬರೆದಿದ್ದಾರೆ, ನನ್ನ ತಕರಾರಿಲ್ಲ. ಆದರೆ ಈ ಏರ್ಪಾಡಿನಲ್ಲಿ ಸೊರಗಿರುವುದು ಜಿಲ್ಲೆಗಿಂತ ಹೆಚ್ಚಾಗಿ ಪ್ರಾಂತ್ಯ ಎಂಬುದನ್ನು ಮರೆಯಬಾರದು. ಮೌಲ್ಯವರ್ಧಿತ ತೆರಿಗೆ ಮತ್ತು ದೇಶೀ ಅಬಕಾರಿ ಸುಂಕದ ಆದಾಯದಲ್ಲಿ ಶೇ 70 ಒಕ್ಕೂಟಕ್ಕೆ ಉಳಿದು, ಪ್ರಾಂತ್ಯಗಳಿಗೆಲ್ಲ ಸೇರಿ ಶೇ 15, ಸ್ಥಳೀಯ ಸರ್ಕಾರಗಳಿಗೆಲ್ಲ ಸೇರಿ ಶೇ 15 ದೊರೆಯುತ್ತದೆ. ಪ್ರಾಂತೀಯ ಪೊಲೀಸ್ ಪಡೆಯ ಮಾತು ಸಂವಿಧಾನದಲ್ಲಿದ್ದರೂ ಪೊಲೀಸರ ಹಸ್ತಾಂತರ ವರ್ಷಗಟ್ಟಲೆ ನೆನೆಗುದಿಗೆ ಬಿತ್ತು. ಪ್ರಾಂತ್ಯಗಳು ಮೊದಲು ಬರೀ ಸಂಖ್ಯೆಗಳಿಂದ ಗುರುತಿಸಿಕೊಂಡವು. ಎರಡನೆಯ ಪ್ರಾಂತ್ಯಕ್ಕೆ ಮಧೇಶ್ ಎಂಬ ಹೆಸರು ಬಂದದ್ದು 2022ರಲ್ಲಿ, ಒಂದನೆಯದಕ್ಕೆ ಕೋಶಿ ಎಂಬ ಹೆಸರು ಬಂದದ್ದು 2023ರಲ್ಲಿ. ಮಧೇಶ್‌ಗೆ ಭಾರತದ ಗಡಿಗೆ ತಾಗಿದ ತರಾಯಿ ಬಯಲಿನ 8 ಜಿಲ್ಲೆಗಳಷ್ಟೇ ಸೇರಿದವು. ಗಡಿಗೆರೆ ಎಳೆದ ಈ ರೀತಿಯೇ ಆ ಬಯಲಿನ ಮಧೇಶಿ ಜನರು 2015ರಲ್ಲಿ ನಡೆಸಿದ ಚಳವಳಿಯ ಮುಖ್ಯ ಕಾರಣಗಳಲ್ಲೊಂದು. ನವಲಪರಾಸಿ ಮತ್ತು ರುಕುಮ್ ಜಿಲ್ಲೆಗಳು ಎರಡೆರಡು ಪ್ರಾಂತ್ಯಗಳಿಗೆ ಹಂಚಿಹೋದವು. ಜಿಲ್ಲೆಗಳ ಸಂಖ್ಯೆ 75ರಿಂದ 77ಕ್ಕೆ ಏರಿದ್ದು ಹೀಗೆಯೇ.

ತರಗತಿಯಲ್ಲಿ ನಮ್ಮ ರಾಜ್ಯದೊಡನೆ ಹೋಲಿಸುವುದಾದರೆ ಚುನಾವಣೆಯ ವಿಷಯವನ್ನು ತೆಗೆದುಕೊಳ್ಳಿ. ನೇಪಾಳದಲ್ಲಿ 1997ರ ಬಳಿಕ ಸ್ಥಳೀಯ ಚುನಾವಣೆ ನಡೆದದ್ದು 2017ರಲ್ಲಿ; 2002ರಲ್ಲಿ ಅವಧಿ ಮುಗಿದ ಮೇಲೆ ಹದಿನೈದು ವರ್ಷ ಊರುಗಳನ್ನು ನೌಕರರೇ ನಡೆಸಿದರು. ಆ ಅನುಭವದ ನಂತರ 2022ರ ಚುನಾವಣೆ ಮಾತ್ರ ಐದು ವರ್ಷಕ್ಕೆ ಸರಿಯಾಗಿ ನಡೆಯಿತು. ಕರ್ನಾಟಕದಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಬಳಿಕ ವರ್ಷಗಟ್ಟಲೆ ಚುನಾವಣೆ ನಡೆಯದೆ ಆಡಳಿತಾಧಿಕಾರಿಗಳ ಕೈಗೆ ಹೋಯಿತು. ಚುನಾಯಿತರಿಲ್ಲದ ಕಚೇರಿಯಲ್ಲಿ ಅರ್ಜಿ ಹಿಡಿದವನು ಯಾರ ಬಳಿ ಹೋಗಬೇಕೆಂದು ವಿದ್ಯಾರ್ಥಿಗಳನ್ನೇ ಕೇಳಿ ನೋಡಿ; ಹಳ್ಳಿಯಿಂದ ಬರುವ ಮಕ್ಕಳಿಗೆ ಅದರ ಉತ್ತರ ಗೊತ್ತಿರುತ್ತದೆ.