ಸಂಡೂರು ಗಣಿ ನೆಲ, ಉಪಗ್ರಹ ಚಿತ್ರ: ಕೆಲಸ ಮಾಡಿದವರು ಸ್ವಲ್ಪ ಹೇಳಿ

ಪ್ರಶ್ನೆ: ನಾನು ಎಂ.ಎಸ್ಸಿ. ವಿದ್ಯಾರ್ಥಿನಿ. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದ ಮೇಲೆ ಸಂಡೂರಿನ ಅಗೆದ ನೆಲ ಎಷ್ಟು ಚೇತರಿಸಿಕೊಂಡಿದೆ ಅಂತ ನೋಡಬೇಕು. ಬಿಟ್ಟಿ ಡೇಟಾ ಮಾತ್ರ. ಎನ್‌ಡಿವಿಐ (ಉಪಗ್ರಹ ಚಿತ್ರದಿಂದ ಹಸಿರು ಎಷ್ಟಿದೆ ಅಂತ ಅಳೆಯೋ ಸೂಚ್ಯಂಕ) ಹಾಕಿದೆ, 2010ಕ್ಕಿಂತ ಈಗ ಹಸಿರು ಬಹಳ ಜಾಸ್ತಿ ಬಂತು. ಇಷ್ಟು ಸಾಕಾ?

ಉತ್ತರ: ಸಾಲಲ್ಲ ಮೇಡಂ. ಎರಡೂ ಚಿತ್ರ ಯಾವ ತಿಂಗಳವು? ನಾನು ಮೊದಲ ಸಲ ಮಾರ್ಚ್‌ದೊಂದು, ನವೆಂಬರ್‌ದೊಂದು ಹೋಲಿಸಿ ಕಾಡು ವಾಪಸ್ ಬಂತು ಅಂತ ಕುಣಿದಾಡಿದ್ದೆ. ಬಂದಿದ್ದು ಮಳೆಗಾಲದ ಹುಲ್ಲು! ಈಗ ಪ್ರತಿ ವರ್ಷ ಫೆಬ್ರುವರಿಯದೇ ತಗೋತೀನಿ. ಮೋಡದ ಕಾಟ ಇಲ್ಲ, ಹುಲ್ಲು ಒಣಗಿರುತ್ತೆ. ಜೊತೆಗೆ ಅಗೆಯದ ಗುಡ್ಡ ಒಂದನ್ನೂ ಅಳೆಯಿರಿ. ಅಲ್ಲೂ ಹಸಿರು ಇಳಿದಿದ್ದರೆ ಅದು ಬರಗಾಲದ ಲೆಕ್ಕ. 2010ಕ್ಕೆ ಲ್ಯಾಂಡ್‌ಸ್ಯಾಟ್ 5 ಉಪಗ್ರಹದ ಚಿತ್ರ ಇದೆ, ಒಂದು ಚುಕ್ಕಿ ಅಂದರೆ ನೆಲದ ಮೇಲೆ 30 ಮೀಟರ್. 2012ಕ್ಕೆ ಲ್ಯಾಂಡ್‌ಸ್ಯಾಟ್‌ನಲ್ಲಿ ಸಿಗೋದು ಲ್ಯಾಂಡ್‌ಸ್ಯಾಟ್ 7ರ ಖಾಲಿ ಪಟ್ಟೆ ಬಿದ್ದ ಚಿತ್ರ ಮಾತ್ರ, ಆ ವರ್ಷ ಬಿಟ್ಟುಬಿಡಿ. ಸೆಂಟಿನೆಲ್-2 ಉಪಗ್ರಹದ್ದು 10 ಮೀಟರ್ ಅಂತ ಆಸೆಯಾಗುತ್ತೆ, ಆದರೆ ಅದು ಶುರುವಾಗಿದ್ದೇ 2015ರಲ್ಲಿ. ಹಳೆಯದರ ಜೊತೆ ಹೋಲಿಸೋದಾದರೆ ಅದನ್ನೂ 30 ಮೀಟರ್ ಚುಕ್ಕಿಗೆ ಇಳಿಸಿಕೊಳ್ಳಿ.

ಉತ್ತರ: ತಂಗಿ, ಮೇಲಿನವರ ಫೆಬ್ರುವರಿ ಉಪಾಯ ಒಂದು ಕಡೆ ಕೈಕೊಡುತ್ತೆ. ಚಿತ್ರದಲ್ಲಿ ಚೆನ್ನಾಗಿ ಹಸಿರಾಗಿದ್ದ ಹಳೇ ಡಂಪ್ (ಗಣಿಯಿಂದ ತೆಗೆದು ಸುರಿದ ಮಣ್ಣಿನ ಗುಡ್ಡೆ) ಒಂದನ್ನು ಹತ್ತಿ ನೋಡಿದೆ, ಬರೀ ಬಳ್ಳಾರಿ ಜಾಲಿ, ಹೊರಗಿನಿಂದ ಬಂದ ಮುಳ್ಳುಗಿಡ. ಅದು ಬೇಸಿಗೆಯಲ್ಲೂ ಹಸಿರು. ಆ ಹೊತ್ತಿಗೆ ದಿಂಡಿಗ, ಮುತ್ತುಗ ಬೋಳಾಗಿರ್ತವೆ. ಅಂದ್ರೆ ನಿಜವಾದ ಕಾಡು ಫೇಲು, ಜಾಲಿ ಫಸ್ಟ್ ಕ್ಲಾಸು! ಒಂದೇ ಜಾಗಕ್ಕೆ ನವೆಂಬರ್, ಮಾರ್ಚ್ ಎರಡರ ಎನ್‌ಡಿವಿಐ ತೆಗೆದು, ಒಂದರಿಂದ ಇನ್ನೊಂದನ್ನು ಕಳೆಯಿರಿ. ಅಂತರ ದೊಡ್ಡದಿದ್ದರೆ ಎಲೆಯುದುರುವ ಮರ ಇಲ್ಲವೇ ಹುಲ್ಲು. ಎರಡೂ ಸಲ ಒಂದೇ ಥರ ಹಸಿರಿದ್ದರೆ ಜಾಲಿ ಅಂತ ಅನುಮಾನಪಡಿ. ಲಾರಿ ರಸ್ತೆ ಪಕ್ಕದ ಅಂಚನ್ನು ಲೆಕ್ಕದಿಂದ ತೆಗೆಯಿರಿ. ಅಲ್ಲಿ ಎಲೆ ಮೇಲೆ ಬೆರಳಾಡಿಸಿದರೆ ಅದಿರಿನ ಧೂಳು ಕುಂಕುಮದ ಥರ ಅಂಟುತ್ತೆ. ಗಿಡ ಬದುಕಿದ್ದರೂ ಚಿತ್ರದಲ್ಲಿ ಸತ್ತಂಗೆ ಕಾಣುತ್ತೆ.

ಉತ್ತರ: ಒಂದು ತಿದ್ದುಪಡಿ. 2011ರಲ್ಲಿ ಎಲ್ಲಾ ನಿಂತು ಹಂಗೇ ಉಳೀಲಿಲ್ಲ. ಗಣಿ ಗುತ್ತಿಗೆಗಳನ್ನು ಅಕ್ರಮ ಎಷ್ಟಿತ್ತು ಅನ್ನೋದರ ಮೇಲೆ ಎ, ಬಿ, ಸಿ ಅಂತ ವಿಂಗಡಿಸಿದರು, ಸಿ ಅಂದರೆ ಅತಿ ಹೆಚ್ಚು. 2013ರ ಏಪ್ರಿಲ್ ತೀರ್ಪಿನಲ್ಲಿ ಸಿ ವರ್ಗದವು ರದ್ದಾದವು, ಉಳಿದವಕ್ಕೆ ಷರತ್ತಿನ ಮೇಲೆ ಅವಕಾಶ ಸಿಕ್ಕಿತು. ಇಡೀ ತಾಲ್ಲೂಕಿಗೆ ಒಂದೇ ಸರಾಸರಿ ತೆಗೆದರೆ ಓಡ್ತಿರೋ ಗಣಿಯೂ ಮುಚ್ಚಿದ ಗಣಿಯೂ ಒಂದೇ ಪಾತ್ರೆಗೆ ಬೀಳ್ತವೆ. ಗುತ್ತಿಗೆ ಗಡಿ ಹಾಕಿ ಬೇರೆ ಬೇರೆ ಅಳೆಯಿರಿ. ಇನ್ನು ಹಸಿರೊಂದೇ ಯಾಕೆ? ಎಸ್‌ಆರ್‌ಟಿಎಂ (ಬಾಹ್ಯಾಕಾಶ ನೌಕೆಯಿಂದ ರೇಡಾರ್‌ನಲ್ಲಿ ಅಳೆದ) ಎತ್ತರದ ಡೇಟಾ 2000ದ ಫೆಬ್ರುವರಿದು. ಅದರಿಂದ ಆಮೇಲಿನ ಡಿಇಎಂ (ನೆಲದ ಎತ್ತರದ ನಕ್ಷೆ) ಕಳೆದರೆ ಗುಡ್ಡ ಎಲ್ಲಿ ತಗ್ಗಿತು, ಡಂಪ್ ಎಲ್ಲಿ ಎದ್ದಿತು ಗೊತ್ತಾಗುತ್ತೆ. ನಾಲ್ಕೈದು ಮೀಟರ್ ವ್ಯತ್ಯಾಸ ನಂಬಬೇಡಿ, ಅದು ಅಳತೆಯ ತಪ್ಪೇ ಇರಬಹುದು.

ಕೇಳಿದವರು: ಧನ್ಯವಾದ ಎಲ್ಲರಿಗೂ. ನವೆಂಬರ್, ಮಾರ್ಚ್ ಹಾಕಿದೆ. ನಾನು "ಚೇತರಿಕೆ" ಅಂತ ಬಣ್ಣ ಹಚ್ಚಿದ್ದ ಎರಡು ಡಂಪ್ ಎರಡೂ ತಿಂಗಳು ಒಂದೇ ಥರ ಇವೆ. ಅನುಮತಿ ಸಿಕ್ಕರೆ ಶನಿವಾರ ಹೋಗಿ ನೋಡ್ತೀನಿ.

ಉತ್ತರ: ದಪ್ಪ ಅಡಿಯ ಶೂ ಹಾಕ್ಕೊಂಡು ಹೋಗಿ ತಂಗಿ. ಜಾಲಿ ಮುಳ್ಳು ಚಪ್ಪಲಿ ದಾಟಿ ಬರುತ್ತೆ.