ಒಂದು ಬುಡ, ಮೂರು ಕಾಂಡ: ಎಷ್ಟು ಮರ?

ಪ್ರಶ್ನೆ (ಕೋಥ್ರೂಡ್, ಪುಣೆ):
ನಮಸ್ಕಾರ ಸರ್. ಎಂ.ಎಸ್ಸಿ. ಪ್ರಾಜೆಕ್ಟಿಗೆ ಉತ್ತರಾಖಂಡದ ಅಲ್ಮೋಡಾ ಕಡೆ, ಸುಮಾರು 1,800 ಮೀಟರ್ ಎತ್ತರದಲ್ಲಿ, ಬಾಂಜ್ ಓಕ್ ಮತ್ತು ಚೀಡ್ ಪೈನ್ ಬೆರೆತ ಕಾಡಿನ ಮರಜಾತಿ ವೈವಿಧ್ಯ ಅಳೀಬೇಕು. ಕಡಿದ ಮೇಲೆ ತಾನಾಗಿ ಎದ್ದ ಕಾಡು. 20×20 ಮೀಟರಿನ 25 ಪ್ಲಾಟ್ ಹಾಕೋ ಯೋಚನೆ. ಮೊದಲ ಪ್ಲಾಟಲ್ಲೇ ಒಂದೇ ಬುಡದಿಂದ ಮೂರು ಕಾಂಡ ಎದ್ದಿರೋ ಬಾಂಜ್ ಬಹಳ ಇವೆ. ಒಂದು ಮರ ಅಂತ ಬರೀಲೋ, ಮೂರು ಅಂತಲೋ? ಇನ್ನೊಂದು: ಶ್ಯಾನನ್ ಸೂಚ್ಯಂಕ (ಜಾತಿ ಎಷ್ಟು, ಅವುಗಳ ಪಾಲು ಎಷ್ಟು ಸಮ ಅನ್ನೋದನ್ನ ಸೇರಿಸಿ ಹೇಳೋ ವೈವಿಧ್ಯದ ಅಂಕಿ) ನನಗೆ 1.16 ಬಂತು, ಅದೇ ಹಾಳೆಯಿಂದ ಗೆಳತಿಗೆ 1.67. ಯಾರದು ಸರಿ?

ಉತ್ತರ (ಅರಣ್ಯ ಸಮೀಕ್ಷೆ ಸಲಹೆಗಾರ, ಪುಣೆ):
ಇಬ್ಬರದೂ ಸರಿ. ನೀವು ಸಹಜ ಲಾಗ್ (e ಆಧಾರದ್ದು) ಹಿಡಿದಿದ್ದೀರಿ, ಅವರು 2ರ ಆಧಾರದ ಲಾಗ್. 1.16ನ್ನು 0.693ರಿಂದ ಭಾಗಿಸಿದರೆ 1.67. ವರದಿಯಲ್ಲಿ ಯಾವ ಲಾಗ್ ಅಂತ ಬರೆಯದಿದ್ದರೆ ಆ ಅಂಕಿ ಇದ್ದೂ ಇಲ್ಲದ ಹಾಗೆ.

ನಾನಾದರೆ ಅದನ್ನೂ ಬಿಟ್ಟು 'ಪರಿಣಾಮಕಾರಿ ಜಾತಿಸಂಖ್ಯೆ' ಕೊಡುತ್ತೇನೆ. ನೂರು ಮರದಲ್ಲಿ ಬಾಂಜ್ 60, ಬುರಾಂಶ್ 20, ಅಯಾರ್ 10, ಕಾಫಲ್ 5, ಚೀಡ್ 5 ಅಂತಿಟ್ಟುಕೊಳ್ಳಿ. ಸಹಜ ಲಾಗಿನಲ್ಲಿ ಸೂಚ್ಯಂಕ 1.16, e ಯನ್ನು ಆ ಘಾತಕ್ಕೆ ಏರಿಸಿದರೆ 3.2. ಹೆಸರಿಗೆ ಐದು ಜಾತಿ, ತೂಕ ಮೂರಕ್ಕಿಂತ ತುಸು ಹೆಚ್ಚು ಜಾತಿಯದು. ಓದುವವರಿಗೆ ಇದು ತಟ್ಟನೆ ಹಿಡಿಯುತ್ತದೆ.

ಇನ್ನು ಕಾಂಡದ ವಿಷಯ, ನಿಜವಾದ ಗೋಜಲು ಇಲ್ಲಿದೆ. ಮೇವಿಗೆ, ಸೌದೆಗೆ ಕಡಿದ ಬಾಂಜ್ ಕೂಳೆ ಚಿಗುರುತ್ತದೆ. ಬುಡ ಒಂದೇ ಆದ್ದರಿಂದ ವೈವಿಧ್ಯದ ಲೆಕ್ಕಕ್ಕೆ ಅದು ಒಂದೇ ಮರ. ಮೂರು ಅಂತ ಎಣಿಸಿದಿರೋ, ಬಾಂಜ್ ಪಾಲು ಉಬ್ಬಿ ಸೂಚ್ಯಂಕ ಸುಳ್ಳೇ ಇಳಿಯುತ್ತದೆ. ಆದರೆ ಕಾಂಡ ಒಂದೊಂದನ್ನೂ 1.37 ಮೀಟರ್ ಎತ್ತರದಲ್ಲಿ ಅಳೆದು, ಒಂದೇ ಮರ ಸಂಖ್ಯೆಯ ಕೆಳಗೆ ಅ, ಆ, ಇ ಅಂತ ಬರೆದಿಡಿ. ಬೇಸಲ್ ಏರಿಯಾಕ್ಕೆ, ಅಂದರೆ ಆ ಎತ್ತರದಲ್ಲಿ ಕಾಂಡದ ಅಡ್ಡಕೊಯ್ತದ ವಿಸ್ತೀರ್ಣಕ್ಕೆ, ಅವು ಬೇಕು. 12, 14, 9 ಸೆಂ.ಮೀ. ವ್ಯಾಸದ ಮೂರು ಕಾಂಡವನ್ನು ಕೂಡಿ 35 ಅಂತ ಹಾಕಬೇಡಿ. ವರ್ಗಗಳ ಮೊತ್ತ 421, ಅದರ ಮೂಲ 20.5 ಸೆಂ.ಮೀ. ಹಾಗೆ ಲೆಕ್ಕ ಹಾಕಿದರೆ 331 ಚ.ಸೆಂ.ಮೀ.; ನೇರ ಕೂಡಿದರೆ 962, ಹತ್ತಿರ ಹತ್ತಿರ ಮೂರು ಪಟ್ಟು!

ಟೇಪು ಸಾದಾದ್ದಾದರೆ ಬರುವುದು ಸುತ್ತಳತೆ. ಮರ ಅಂತ ಎಣಿಸಲು 10 ಸೆಂ.ಮೀ. ವ್ಯಾಸದ ಮಿತಿ ಅಂದರೆ 31.4 ಸೆಂ.ಮೀ. ಸುತ್ತಳತೆ. ಇಳಿಜಾರಲ್ಲಿ ಮೇಲ್ಬದಿಗೆ ನಿಂತು ಅಳೆಯಿರಿ. ಅಳತೆಯ ಜಾಗದಲ್ಲೇ ಗಂಟಿದ್ದರೆ ಅದು ಮುಗಿದ ಮೇಲ್ಗಡೆ ಅಳೆದು, ಆ ಎತ್ತರ ನಮೂದಿಸಿ.

ಪ್ಲಾಟಿನ ಗಾತ್ರದಲ್ಲೂ ಎಡವುತ್ತಾರೆ. 30 ಡಿಗ್ರಿ ಇಳಿಜಾರಲ್ಲಿ ನೆಲದ ಮೇಲೆ 20 ಮೀಟರ್ ಎಳೆದರೆ ಸಮತಲದಲ್ಲಿ ಸಿಗೋದು 17.3, 400 ಚ.ಮೀ. ಅಂದುಕೊಂಡದ್ದು 346. ಕ್ಲೈನೋಮೀಟರಿನಲ್ಲಿ ಕೋನ ನೋಡಿ, 30 ಡಿಗ್ರಿಯಾದರೆ ಇಳಿಜಾರಿನ ದಿಕ್ಕಿಗೆ 23.1 ಮೀಟರ್ ಎಳೆಯಿರಿ. ಗೆರೆಯ ಮೇಲೆ ನಿಂತ ಮರ ಎರಡು ಬದಿಯದಾದರೆ ಲೆಕ್ಕಕ್ಕೆ, ಇನ್ನೆರಡು ಬದಿಯದಾದರೆ ಹೊರಗೆ ಅಂತ ಮೊದಲೇ ಗೊತ್ತು ಮಾಡಿಕೊಳ್ಳಿ.

ಪ್ರಶ್ನೆ (ಅದೇ ವಿದ್ಯಾರ್ಥಿನಿ):
ಸೂಚ್ಯಂಕದ ಸಂಖ್ಯೆ ಹೆಚ್ಚು ಬಂದರೆ ಕಾಡು ಚೇತರಿಸಿಕೊಂಡಿದೆ ಅನ್ನಬಹುದಾ ಸರ್?

ಉತ್ತರ:
ಅವಸರ ಬೇಡ. ಬಿಸಿಲು ಬೇಡುವ ಚೀಡ್, ನೆರಳಲ್ಲೂ ಏಳುವ ಜಾತಿಗಳು ಎರಡೂ ಇರುವ ನಡುಹಂತದಲ್ಲಿ ಸಂಖ್ಯೆ ಹಳೇ ಕಾಡಿಗಿಂತ ಹೆಚ್ಚಿರಬಹುದು. ಮೇಯಿಸಿ ಸವರಿದ ಕಡೆಯೂ ಹಾಗೇ: ಅಯಾರಿನ ಎಳೆ ಎಲೆ ದನಕ್ಕೆ ವಿಷ, ಅದು ಉಳಿಯುತ್ತದೆ, ಬಾಂಜ್ ಸಸಿ ಹೋಗುತ್ತದೆ. ಪಾಲು ಸಮವಾಗಿ ಸೂಚ್ಯಂಕ ಏರುತ್ತದೆ. ಅದಕ್ಕೇ ಪ್ಲಾಟಿನೊಳಗೆ 5×5ರಲ್ಲಿ ಎಳೆಮರ, 1×1ರಲ್ಲಿ ಸಸಿ ಬೇರೆ ಎಣಿಸಿ. ಮೇಲೆ ಬಾಂಜ್, ಕೆಳಗೆ ಬಾಂಜ್ ಸಸಿಯೇ ಇಲ್ಲ ಅಂದರೆ ಚೇತರಿಕೆಯ ಮಾತೆತ್ತಬೇಡಿ. ಉತ್ತರ ಮುಖ, ದಕ್ಷಿಣ ಮುಖದ ಪ್ಲಾಟುಗಳನ್ನೂ ಕಲಸಬೇಡಿ. ದಕ್ಷಿಣದ ಒಣ ಇಳಿಜಾರು ಚೀಡಿನ ಮನೆ.

ಪ್ರಶ್ನೆ (ಮಡಗಾಂವ್, ಗೋವಾ):
ಮೊಲೆಂ ಕಾಡಿಗೂ ಇದೇ ಕ್ರಮವೇ?

ಉತ್ತರ:
ಬಹುಪಾಲು. ಬುಡದಲ್ಲಿ ಹಲಗೆಬೇರು ಚಾಚಿದ ಮರಕ್ಕೆ ಮಾತ್ರ 1.37 ಬಿಟ್ಟು, ಬೇರು ಮುಗಿದ ಮೇಲೆ 50 ಸೆಂ.ಮೀ. ಎತ್ತರದಲ್ಲಿ ಟೇಪು ಸುತ್ತಿ. ಬಳ್ಳಿಯಿದ್ದರೆ ಟೇಪನ್ನು ಅದರಡಿ ತೂರಿಸಿ, ಮೇಲೆ ಸುತ್ತಬೇಡಿ.