ಡಿಪ್ಲೊಮಾ ಸಿವಿಲ್ ಇಂಟರ್ನ್‌ಶಿಪ್: ಸೈಟಿನಲ್ಲಿ ನಿಜವಾಗಿ ಏನು ಕಲಿಯಬೇಕು?

ಪ್ರಶ್ನೆ: ಸಿವಿಲ್ ಹುಡುಗ

ಎಲ್ಲರಿಗೂ ನಮಸ್ಕಾರ. ಡಿಪ್ಲೊಮಾ ಸಿವಿಲ್ ಕೊನೆಯ ವರ್ಷ. ಮುಂದಿನ ವಾರದಿಂದ ನಾಲ್ಕು ತಿಂಗಳ ಇಂಟರ್ನ್‌ಶಿಪ್ ಶುರು. ಸಿಕ್ಕಿರೋದು 30×40 ಅಡಿ ಸೈಟಿನಲ್ಲಿ ಎರಡು ಅಂತಸ್ತಿನ ಮನೆ. ಇನ್ನೂ ಮಾರ್ಕಿಂಗ್ (ನೆಲದ ಮೇಲೆ ಮನೆಯ ಗುರುತು ಹಾಕೋದು) ಆಗಿಲ್ಲ, ಮೊದಲನೇ ಮೋಲ್ಡ್ (ಚಾವಣಿ ಕಾಂಕ್ರೀಟು) ಬೀಳೋ ತನಕ ನಾನಿರ್ತೀನಿ. ಲ್ಯಾಬಿನಲ್ಲಿ ಕಾಂಕ್ರೀಟಿನ ಹದ ನೋಡೋ ಸ್ಲಂಪ್, ಬಲ ನೋಡೋ ಕ್ಯೂಬ್ ಪರೀಕ್ಷೆ ಎಲ್ಲ ಮಾಡಿದ್ದೀವಿ, ಆದರೆ ಅವೆಲ್ಲ ರೆಕಾರ್ಡ್ ಬರೆಯೋಕೆ ಮಾಡಿದ್ದು. ಸೀನಿಯರ್‌ಗಳು "ಸೈಟಿಗೆ ಹೋಗಿ ನಿಂತ್ಕೋ, ತಾನಾಗೇ ಬರುತ್ತೆ" ಅಂತಾರೆ. ನಿಂತ್ಕೊಂಡು ಏನನ್ನ ನೋಡ್ಬೇಕು, ಏನನ್ನ ಅಳೀಬೇಕು? ಇನ್ನೊಂದು, ಡಿಪ್ಲೊಮಾಕ್ಕೇ ನಿಲ್ಲಿಸೋದೋ, ಡಿಸಿಇಟಿ (ಡಿಪ್ಲೊಮಾದವರಿಗೆ ಇರೋ ಬಿಇ ಪ್ರವೇಶ ಪರೀಕ್ಷೆ) ಬರೆದು ಬಿಇ ಸೇರೋದೋ?

ಉತ್ತರ: ತೂಗುಗುಂಡು

ತಮ್ಮಾ, ಸುಮ್ಮನೆ ನಿಂತರೆ ಬಿಸಿಲು ಬಿಟ್ಟು ಬೇರೇನೂ ಬರೋದಿಲ್ಲ. ಮಣ್ಣೋ ಕಾಂಕ್ರೀಟೋ ಮುಚ್ಚುವುದಕ್ಕೆ ಮೊದಲು ಪ್ರತಿಯೊಂದನ್ನೂ ಟೇಪಿನಿಂದ ಅಳೆದು ಡೈರಿಯಲ್ಲಿ ಬರೆದುಕೋ, ನಾಲ್ಕು ತಿಂಗಳಿಗೆ ಅದೇ ಕೆಲಸ. "ಇಂದು ಕಾಲಂ ಕೆಲಸ ವೀಕ್ಷಿಸಿದೆ" ಅಂತ ಬರೆದ ಡೈರಿ ರದ್ದಿಗೆ ಹಾಕೋಕೆ ಮಾತ್ರ ಲಾಯಕ್ಕು.

ಮಾರ್ಕಿಂಗ್ ದಿನದಿಂದಲೇ ಶುರು ಮಾಡು. ಮೊದಲು ಅಳೆಯಬೇಕಾದದ್ದು ಮನೆಯನ್ನಲ್ಲ, ಸೈಟನ್ನು. 30×40 ಸರಿಯಾಗಿ ಮೂಲೆಮಟ್ಟ ಇದ್ದರೆ ಕರ್ಣ ಬರೋಬ್ಬರಿ 50 ಅಡಿ ಬರುತ್ತದೆ, 3-4-5ರ ಹತ್ತು ಪಟ್ಟು. ಎಷ್ಟೋ ಸೈಟುಗಳಲ್ಲಿ ಬರೋದಿಲ್ಲ. ಎಲ್ಲಿ ಎಷ್ಟು ವಾರೆ ಇದೆ ಅಂತ ಆ ದಿನವೇ ಗೊತ್ತಾಗದಿದ್ದರೆ, ಗೋಡೆ ಎದ್ದ ಮೇಲೆ ಒಂದು ಪಕ್ಕದ ಸೆಟ್‌ಬ್ಯಾಕ್ (ಗೋಡೆಗೂ ಸೈಟಿನ ಗಡಿಗೂ ನಡುವೆ ಬಿಡುವ ಜಾಗ) ಮುಂದೆ ಮೂರು ಅಡಿ, ಹಿಂದೆ ಎರಡೂವರೆ ಅಡಿ ಆಗಿ ಕೂತಿರುತ್ತದೆ.

ಆಮೇಲೆ ಕಾಲಂ ಸೆಂಟರ್ ಲೈನ್. ಹೊರಗಿನ ನಾಲ್ಕು ಕಾಲಂಗಳ ಮಧ್ಯದಿಂದ ಮಧ್ಯಕ್ಕೆ 7.50 ಮೀ. ಮತ್ತು 10.20 ಮೀ. ಇದೆ ಅಂದುಕೋ. ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ 12.66 ಮೀ. ಈ ಅಂಕಿ ಹಿಂದಿನ ರಾತ್ರಿಯೇ ನಿನ್ನ ಜೇಬಿನಲ್ಲಿ ಇರಬೇಕು. "ಎರಡೂ ಕರ್ಣ ಸಮ ಬಂತು, ಸರಿಯಾಯ್ತು" ಅಂತ ಟೇಪು ಸುತ್ತಿಬಿಡುತ್ತಾರೆ, ಅದು ಸಾಲದು. ಮುಂದಿನ ಬದಿಗಿಂತ ಹಿಂದಿನ ಬದಿ ಗಿಡ್ಡ ಇದ್ದರೂ ಎರಡು ಕರ್ಣ ಸಮ ಬರಬಹುದು. ನಾಲ್ಕು ಬದಿ, ಎರಡು ಕರ್ಣ, ಆರೂ ಅಳತೆ ಕೂಡಬೇಕು.

ಕೋಣೆ ಕೋಣೆಯಾಗಿ ಅಳೆಯುತ್ತಾ ಹೋಗಬೇಡ. ಒಂದೊಂದರಲ್ಲಿ 5 ಮಿ.ಮೀ. ಜಾರಿದರೆ ಐದನೇ ಕೋಣೆ ಮುಗಿಯುವ ಹೊತ್ತಿಗೆ ಒಂದು ಇಂಚು. ಒಂದೇ ಮೂಲೆಯಲ್ಲಿ ಟೇಪಿನ ಸೊನ್ನೆ ಹಿಡಿಸಿ, ಎಲ್ಲ ಕಾಲಂಗಳನ್ನೂ ಅಲ್ಲಿಂದಲೇ ಕೂಡಿಸಿದ ಅಳತೆಯಲ್ಲಿ ಗುರುತು ಹಾಕು.

ಲೆವೆಲ್ ಪೈಪು ಹಿಡಿಯುವ ಕೆಲಸ ಹೆಲ್ಪರ್‌ದು ಅಂತ ಬಿಡಬೇಡ. ಪೈಪಿನೊಳಗೆ ಒಂದು ಗಾಳಿಗುಳ್ಳೆ ನಿಂತರೂ ಮಟ್ಟ ತಪ್ಪುತ್ತದೆ. ಎರಡು ತುದಿಯನ್ನೂ ಒಟ್ಟಿಗೆ ಹಿಡಿದು ನೀರು ಒಂದೇ ಗೆರೆಗೆ ಬರುತ್ತದೆಯೋ ನೋಡಿ ಆಮೇಲೆ ಕೊಂಡೊಯ್ಯಬೇಕು.

ಉತ್ತರ: ಕಂಬಿ ಲೆಕ್ಕ

ಮೇಲಿನವರು ಪಾಯದ ಮಾತು ಹೇಳಿದ್ದಾರೆ, ನಾನು ಕಂಬಿಯ ವಿಷಯಕ್ಕೆ ಬರುತ್ತೇನೆ.

ಕಂಬಿ ಬಂದು ಇಳಿದ ದಿನ ತೂಕ ನೋಡಿ. ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕೆ.ಜಿ. ಅನ್ನೋದು ಬರುತ್ತದೆ. 8 ಮಿ.ಮೀ. ಕಂಬಿ 0.395, 12 ಮಿ.ಮೀ. 0.889, 16 ಮಿ.ಮೀ. 1.58. ಹನ್ನೆರಡು ಎಂ.ಎಂ. ಕಂಬಿಯ ಒಂದು ಮೀಟರ್ ತುಂಡು ಕತ್ತರಿಸಿ ತಕ್ಕಡಿಗೆ ಹಾಕಿ. ಕಂಬಿಯ ಭಾರತೀಯ ಮಾನಕ ಐಎಸ್ 1786ರ ಪ್ರಕಾರ ಈ ಗಾತ್ರಕ್ಕೆ ಲೋಡಿನ ಸರಾಸರಿಯಲ್ಲಿ ಶೇ. 5ರಷ್ಟು ಆಚೀಚೆ ನಡೆಯುತ್ತದೆ. ಎಷ್ಟು ತುಂಡು ತೂಗಿದರೂ 0.84ಕ್ಕಿಂತ ಕೆಳಗೇ ಬರುತ್ತಿದ್ದರೆ ನಿಮ್ಮ ಎಂಜಿನಿಯರ್‌ಗೆ ಹೇಳಿ.

ಬಾರ್ ಬೆಂಡಿಂಗ್ ಶೆಡ್ಯೂಲನ್ನು (ಕಂಬಿ ಕತ್ತರಿಸಿ ಬಗ್ಗಿಸುವ ಅಳತೆಯ ಪಟ್ಟಿ) ಸಾಫ್ಟ್‌ವೇರ್ ಮುಟ್ಟದೆ ಒಮ್ಮೆ ಕೈಯಲ್ಲೇ ಮಾಡಿ. 230×450 ಮಿ.ಮೀ. ಬೀಮು, ಕವರ್ (ಕಂಬಿಯ ಹೊರಗೆ ಬಿಡುವ ಕಾಂಕ್ರೀಟಿನ ಪದರ) 25, ಮುಖ್ಯ ಕಂಬಿಗಳನ್ನು ಸುತ್ತುವ ರಿಂಗಿಗೆ 8 ಮಿ.ಮೀ. ಕಂಬಿ. ಎರಡೂ ಕಡೆ ಕವರ್ ಕಳೆದರೆ ರಿಂಗಿನ ಹೊರ ಅಳತೆ 180×400. ಸುತ್ತಳತೆ 1160. ಎರಡು ಹುಕ್ಕಿಗೆ ಹತ್ತತ್ತು ಪಟ್ಟು ವ್ಯಾಸ, 160 ಸೇರಿಸಿ. ಮೂರು 90 ಡಿಗ್ರಿ ಬೆಂಡಿಗೆ ಎರಡೆರಡು ಪಟ್ಟು, ಎರಡು 135 ಡಿಗ್ರಿ ಬೆಂಡಿಗೆ ಮೂರು ಮೂರು ಪಟ್ಟು ಕಳೆಯಿರಿ, ಒಟ್ಟು 96. ಉಳಿದದ್ದು 1224 ಮಿ.ಮೀ. ಬಾರ್ ಬೆಂಡರ್ ಇದನ್ನು ಬಾಯಿಲೆಕ್ಕದಲ್ಲೇ "ನಾಲ್ಕಡಿ" ಅಂತಾನೆ. ನಾಲ್ಕಡಿ ಅಂದರೆ 1219, ಅವನ ಅಂದಾಜು ಅಷ್ಟು ಹತ್ತಿರ ಇರುತ್ತದೆ. ಆದರೆ ಹುಕ್ಕನ್ನು 90 ಡಿಗ್ರಿಗೇ ನಿಲ್ಲಿಸಿದ್ದಾನೋ, 135ಕ್ಕೆ ಒಳಗೆ ಮಡಚಿದ್ದಾನೋ ನೋಡಿ. 90ರ ಹುಕ್ಕು ಭೂಕಂಪದ ಅಲುಗಾಟಕ್ಕೆ ಬಿಚ್ಚಿಕೊಳ್ಳುತ್ತದೆ.

ಉಳಿಕೆ ತುಂಡಿನ ಲೆಕ್ಕವನ್ನೂ ಕಲಿಯಿರಿ. 12 ಮೀ. ಕಂಬಿಯಲ್ಲಿ ಸ್ಲ್ಯಾಬಿಗೆ 3.5 ಮೀಟರಿನ ಮೂರು ಕತ್ತರಿಸಿದರೆ ಒಂದೂವರೆ ಮೀಟರ್ ಉಳಿಯುತ್ತದೆ. ಅದರಲ್ಲಿ ಮೇಲಿನ ರಿಂಗು ಒಂದು ಆಗುತ್ತದೆ. ಇದು ಮೊದಲೇ ಹೊಳೆದರೆ ಗುಜರಿಗೆ ಹೋಗೋದು ಉಳಿಯುತ್ತದೆ.

ಲ್ಯಾಪ್, ಅಂದರೆ ಎರಡು ಕಂಬಿ ಜೋಡಿಸುವಾಗ ಒಂದರ ಪಕ್ಕ ಒಂದು ಬರುವ ಉದ್ದ, ವ್ಯಾಸದ ಲೆಕ್ಕದಲ್ಲಿ: "ಎಲ್ಲದಕ್ಕೂ 50 ಪಟ್ಟು" ಅನ್ನೋದು ಸೈಟಿನ ರೂಢಿ. ಎಂ20 ಕಾಂಕ್ರೀಟು (28 ದಿನಕ್ಕೆ ಚದರ ಮಿ.ಮೀ.ಗೆ 20 ನ್ಯೂಟನ್ ಬಲದ್ದು), ಎಫ್ಇ500 ದರ್ಜೆಯ ಕಂಬಿಗೆ ಕಾಂಕ್ರೀಟಿನ ಮಾನಕ ಐಎಸ್ 456ರ ಸೂತ್ರ ಹಾಕಿದರೆ ಎಳೆತದಲ್ಲಿ 57 ಪಟ್ಟು ಬರುತ್ತದೆ, ಒತ್ತಡದಲ್ಲಿ ಸುಮಾರು 45. ಅಂದರೆ 12 ಮಿ.ಮೀ. ಬೀಮು ಕಂಬಿಗೆ 600 ಸಾಲದು, 680 ಬೇಕು. ಕಾಲಂ ಲ್ಯಾಪನ್ನು ಫ್ಲೋರಿನ ಮೇಲೆ ನೇರ ಕೂರಿಸದೆ ಎತ್ತರದ ನಡುಭಾಗದಲ್ಲಿ ಕೊಡಬೇಕು.

ಮೋಲ್ಡ್ ಹಿಂದಿನ ಸಂಜೆ ಬಿಡದೆ ನೋಡಲೇಬೇಕಾದದ್ದು ಬಾಲ್ಕನಿ ಮತ್ತು ಸಜ್ಜ. ಅಲ್ಲಿ ಮುಖ್ಯ ಕಂಬಿ ಇರೋದು ಮೇಲ್ಗಡೆ. 100 ಮಿ.ಮೀ. ದಪ್ಪದ ಸಜ್ಜದಲ್ಲಿ 8 ಮಿ.ಮೀ. ಕಂಬಿ 20 ಕವರಿನಲ್ಲಿ ಕೂತರೆ ಕೆಲಸಕ್ಕೆ ಬರುವ ಆಳ 76. ಕಾಂಕ್ರೀಟ್ ಸುರಿಯುವವರು ತುಳಿದು ಅದು 40 ಇಳಿಯಿತು ಅನ್ನಿ, ಉಳಿದದ್ದು 36. ಬಲ ಅರ್ಧಕ್ಕಿಂತ ಕಡಿಮೆ ಆಯ್ತು. ಕಂಬಿ ಪೂರ್ತಿ ಇದೆ, ಬಿಲ್ಲಿನಲ್ಲೂ ಇದೆ, ಆದರೂ ಸೆಂಟ್ರಿಂಗ್ (ಕಾಂಕ್ರೀಟಿನ ಕೆಳಗಿನ ಹಲಗೆ, ಆಸರೆ) ಬಿಚ್ಚಿದ ದಿನ ಬುಡದಲ್ಲಿ ಬಿರುಕು. ಅದಕ್ಕೇ ಮೇಲಿನ ಜಾಲರಿಗೆ ಮೀಟರಿಗೊಂದರಂತೆ ಎರಡೂ ದಿಕ್ಕಿನಲ್ಲಿ ಚೇರು (ಜಾಲರಿ ಎತ್ತಿ ಹಿಡಿಯುವ ಕಂಬಿಯ ಕಾಲು) ಇಡಿಸಿ, ಓಡಾಡಲು ಹಲಗೆ ಹಾಕಿಸಿ. ಕವರ್ ಬ್ಲಾಕ್ ಬದಲಿಗೆ ಜಲ್ಲಿಕಲ್ಲು ಚುಚ್ಚಿದ್ದರೆ ತೆಗೆಸಿ, ವೈಬ್ರೇಟರ್ ತಾಗಿದ ತಕ್ಷಣ ಅದು ಜಾರುತ್ತದೆ. ಕವರ್ ಸ್ಲ್ಯಾಬಿಗೆ 20, ಕಾಲಂಗೆ 40, ಫುಟಿಂಗಿಗೆ 50 ಮಿ.ಮೀ., ಈ ಮೂರು ಬಾಯಿಪಾಠ ಇರಲಿ.

ಸಿವಿಲ್ ಹುಡುಗ

ಸರ್, ತುಂಬಾ ಥ್ಯಾಂಕ್ಸ್, ಎಲ್ಲ ನೋಟ್ ಮಾಡ್ಕೊಂಡೆ. ಒಂದು ಅನುಮಾನ. ಮೇಸ್ತ್ರಿ "ಗಟ್ಟಿ ಇದ್ರೆ ಹರಿಯಲ್ಲ" ಅಂತ ಬಕೆಟ್ ಬಕೆಟ್ ನೀರು ಹಾಕಿದ್ರೆ ನಾನು ಏನಂತ ಹೇಳೋದು? ನಾನು ಬರೀ ಇಂಟರ್ನ್.

ಉತ್ತರ: ಜಲ್ಲಿ ಮರಳು

ಏನೂ ಹೇಳಬೇಡಿ, ಮೊದಲು ಲೆಕ್ಕ ಮಾಡಿ. ಎಂ20 ಆರ್‌ಸಿಸಿಗೆ ನೀರು-ಸಿಮೆಂಟ್ ಅನುಪಾತ 0.55 ದಾಟಬಾರದು. 50 ಕೆ.ಜಿ. ಚೀಲಕ್ಕೆ ಇದು 27.5 ಲೀಟರ್. ಹತ್ತು ಲೀಟರಿನ ಒಂದು ಬಕೆಟ್ ಹೆಚ್ಚಿಗೆ ಬಿದ್ದರೆ 37.5, ಅಂದರೆ 0.75. ಬಲದಲ್ಲಿ ಸುಮಾರು ಮೂರನೇ ಒಂದು ಭಾಗ ಹೋಯಿತು. ಸಿಮೆಂಟಿಗೆ ಬೇಡದ ಆ ನೀರು ಆರಿಹೋಗಿ, ಇದ್ದ ಜಾಗದಲ್ಲಿ ಸಣ್ಣ ರಂಧ್ರಗಳನ್ನು ಬಿಟ್ಟು ಹೋಗುತ್ತದೆ. ಮುಂದೆ ಮಳೆಗಾಲದಲ್ಲಿ ತಾರಸಿ ಒಸರೋದೂ ಕಂಬಿ ತುಕ್ಕು ಹಿಡಿಯೋದೂ ಅಲ್ಲಿಂದಲೇ.

ಆ 27.5 ಲೀಟರಿನಲ್ಲಿ ಮರಳಿನೊಳಗಿನ ನೀರೂ ಸೇರಿದೆ, ಇದನ್ನು ಮರೆಯುವವರೇ ಹೆಚ್ಚು. 1:1½:3ರಲ್ಲಿ (ಸಿಮೆಂಟ್, ಮರಳು, ಜಲ್ಲಿ) ಚೀಲಕ್ಕೆ 52 ಲೀಟರ್ ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಬೇಕು, ತೂಕದಲ್ಲಿ 80 ಕೆ.ಜಿ. ಸುಮಾರು. ಕಣದ ಮೇಲಿನ ತೇವ ಶೇ. 4 ಇದ್ದರೆ ಮೂರು ಲೀಟರ್ ಆಗಲೇ ಒಳಗಿದೆ, ಹಾಕಬೇಕಾದದ್ದು 24. ರಾತ್ರಿ ಮಳೆ ಬಂದು ಬೆಳಿಗ್ಗೆಯೂ ಅದೇ ಬಕೆಟ್ ಲೆಕ್ಕ ನಡೆದರೆ ಕಾಂಕ್ರೀಟು ಅಂಬಲಿಯಾಗದೆ ಇನ್ನೇನು!

ತೇವದ ಮರಳು ಉಬ್ಬುತ್ತದೆ ಕೂಡ. ಗಾಜಿನ ಜಾಡಿಗೆ ಒದ್ದೆ ಮರಳನ್ನು ಒತ್ತದೆ 200 ಮಿ.ಮೀ. ತುಂಬಿ, ಮುಳುಗುವಷ್ಟು ನೀರು ಹಾಕಿ ಕಲಕಿ ಬಿಡಿ. 160ಕ್ಕೆ ಇಳಿಯಿತು ಅಂದರೆ ಉಬ್ಬು 160ಕ್ಕೆ 40, ಅಂದರೆ ಶೇ. 25. ಹಾಗಿದ್ದಾಗ 52 ಅಲ್ಲ, 65 ಲೀಟರ್ ಅಳೆದು ಹಾಕಬೇಕು. ಬಾಂಡ್ಲಿ ಲೆಕ್ಕ ನಂಬಬೇಡಿ, ಒಬ್ಬರು ಗೋಪುರ ಮಾಡಿ ತುಂಬುತ್ತಾರೆ, ಇನ್ನೊಬ್ಬರು ತಲೆಮಟ್ಟ. 40×35×25 ಸೆಂ.ಮೀ. ಒಳ ಅಳತೆಯ ಪೆಟ್ಟಿಗೆ ಮಾಡಿಸಿದರೆ ಸರಿಯಾಗಿ 35 ಲೀಟರ್, ಒಂದು ಚೀಲ ಸಿಮೆಂಟಿನ ಗಾತ್ರ.

ಮೇಸ್ತ್ರಿ ಹೇಳುವುದರಲ್ಲಿ ಅರ್ಧ ನಿಜ ಇದೆ: ಕಂಬಿ ಒತ್ತಾಗಿರುವ ಕಡೆ ಗಟ್ಟಿ ಕಾಂಕ್ರೀಟು ಇಳಿಯದೆ ಜೇನುಗೂಡಿನಂತೆ ಟೊಳ್ಳು ಬೀಳುತ್ತದೆ. ಅದಕ್ಕೆ ಪರಿಹಾರ ವೈಬ್ರೇಟರ್ ಮತ್ತು ಪ್ಲಾಸ್ಟಿಸೈಸರ್ (ನೀರು ಹೆಚ್ಚಿಸದೆ ಕಾಂಕ್ರೀಟು ಹರಿಯುವಂತೆ ಮಾಡುವ ರಾಸಾಯನಿಕ). ನೀರಿನ ಬಕೆಟ್ಟಲ್ಲ. ಮಾತನ್ನು ಮೇಸ್ತ್ರಿಯ ಹತ್ತಿರ ಎತ್ತಬೇಡಿ, ಎಲ್ಲರೆದುರು ಅಂತೂ ಬೇಡವೇ ಬೇಡ. ಹಿಂದಿನ ದಿನವೇ ನಿಮ್ಮ ಎಂಜಿನಿಯರ್ ಹತ್ತಿರ "ಚೀಲಕ್ಕೆ ಎಷ್ಟು ಲೀಟರ್ ಹಾಕಿಸೋಣ ಸರ್?" ಅಂತ ಕೇಳಿ, ಅವರ ಬಾಯಿಂದಲೇ ಅಂಕಿ ಹೊರಡಿಸಿ. ಮಿಕ್ಸರ್ ಪಕ್ಕ ಗುರುತು ಹಾಕಿದ ಬಕೆಟ್ ಇಡಿಸಿ.

ಇನ್ನು ಕ್ಯೂಬು. ಅಚ್ಚಿಗೆ ಮೂರು ಪದರ, ಪದರಕ್ಕೆ 35 ಏಟು. ಒಂದು ದಿನದ ಮೇಲೆ ಬಿಚ್ಚಿ ನೀರಿಗೆ ಹಾಕಿ. 150 ಮಿ.ಮೀ. ಕ್ಯೂಬಿನ ಮುಖ 22,500 ಚದರ ಮಿ.ಮೀ., ಹಾಗಾಗಿ ಚದರ ಮಿ.ಮೀ.ಗೆ 20 ನ್ಯೂಟನ್ ಅಂದರೆ ಯಂತ್ರದ ಮೇಲೆ 450 ಕಿಲೋನ್ಯೂಟನ್. ಕರಣೆಯಿಂದ ಸವರಿದ ಮುಖವನ್ನು ಪಕ್ಕಕ್ಕೆ ತಿರುಗಿಸಿ ಇಡಬೇಕು. ಅದನ್ನು ಮೇಲೆ ಇಟ್ಟರೆ ಉಬ್ಬುತಗ್ಗಿಗೆ ಭಾರ ಒಂದೇ ಕಡೆ ಬಿದ್ದು ಒಳ್ಳೆಯ ಕ್ಯೂಬೂ ಬೇಗ ಒಡೆಯುತ್ತದೆ. ಮೂರು ಕ್ಯೂಬಿನಲ್ಲಿ ಯಾವುದಾದರೂ ಸರಾಸರಿಗಿಂತ ಶೇ. 15ಕ್ಕಿಂತ ದೂರ ಹೋದರೆ ಆ ಸ್ಯಾಂಪಲ್ಲೇ ಲೆಕ್ಕಕ್ಕಿಲ್ಲ.

ಕ್ಯೂಬ್ ಪಾಸಾದರೆ ಸ್ಲ್ಯಾಬ್ ಪಾಸು ಅಂತ ತಿಳಿಯಬೇಡಿ. ಕ್ಯೂಬು ತೊಟ್ಟಿಯಲ್ಲಿ 28 ದಿನ ತಣ್ಣಗೆ ಮಲಗಿತ್ತು, ಸ್ಲ್ಯಾಬು ಬಿಸಿಲಲ್ಲಿ ಬೆಂದಿದೆ. ಪಿಪಿಸಿ (ಹಾರುಬೂದಿ ಬೆರೆತ) ಸಿಮೆಂಟು ಆದರೆ ಕಡಿಮೆ ಎಂದರೂ 10 ದಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಬೇಕು, ಬೇಸಿಗೆಯಾದರೆ 14. ಬೆಳಿಗ್ಗೆ ಸಂಜೆ ಪೈಪಿನಲ್ಲಿ ಎರಡು ಸಲ ನೀರು ಹೊಡೆದರೆ ಮಧ್ಯಾಹ್ನಕ್ಕೆ ಬೂದುಬಣ್ಣ ತಿರುಗಿರುತ್ತದೆ.

ಉತ್ತರ: ಲ್ಯಾಟರಲ್ ಎಂಟ್ರಿ

ನಿಮ್ಮ ಕೊನೆಯ ಪ್ರಶ್ನೆ ಎಲ್ಲರೂ ಬಿಟ್ಟರು. ಕರ್ನಾಟಕದಲ್ಲಿ ಡಿಸಿಇಟಿ ನಡೆಸೋದು ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ). ಸೀಟು ಸಿಕ್ಕರೆ ನೇರ ಮೂರನೇ ಸೆಮಿಸ್ಟರಿಗೆ, ಅಂದರೆ ಇನ್ನು ಮೂರು ವರ್ಷ.

ಲೋಕೋಪಯೋಗಿ ಇಲಾಖೆಯಲ್ಲಿ ಕಿರಿಯ ಎಂಜಿನಿಯರ್ ಹುದ್ದೆಗೆ ಡಿಪ್ಲೊಮಾ ಸಾಕು, ಸಹಾಯಕ ಎಂಜಿನಿಯರ್ ಹುದ್ದೆಗೆ ಬಿಇ ಬೇಕು. ಕೇಂದ್ರದ ಎಸ್‌ಎಸ್‌ಸಿ ಜೆಇ ಪರೀಕ್ಷೆಯೂ ಡಿಪ್ಲೊಮಾದವರಿಗೆ ತೆರೆದಿದೆ. ಸ್ಟ್ರಕ್ಚರಲ್ ಡಿಸೈನ್ ಕಡೆ ಮನಸ್ಸಿದ್ದರೆ, ಎಂಟೆಕ್ ಯೋಚನೆ ಇದ್ದರೆ, ಬಿಇ ಬಿಟ್ಟು ಬೇರೆ ದಾರಿ ಇಲ್ಲ. ಸೈಟ್ ಎಕ್ಸಿಕ್ಯೂಷನ್, ಕ್ವಾಂಟಿಟಿ, ಬಿಲ್ಲಿಂಗ್ ಇಷ್ಟ ಅಂದರೆ ಎರಡು ವರ್ಷ ದುಡಿದೂ ಸೇರಬಹುದು, ಆದರೆ ಆ ಹೊತ್ತಿಗೆ ಗಣಿತ ಮರೆತಿರುತ್ತದೆ.

ಲ್ಯಾಟರಲ್‌ನವರು ಎಡವೋದು ಗಣಿತದಲ್ಲೇ. ಮೊದಲ ವರ್ಷದ ಎರಡು ಗಣಿತ ಪತ್ರಿಕೆ ಓದದೆ ನೇರ ಬರುತ್ತೀರಿ, ಮೂರನೇ ಸೆಮಿಸ್ಟರಿನಲ್ಲಿ ಲೆಕ್ಚರರ್ ಡಿಫರೆನ್ಷಿಯಲ್ ಈಕ್ವೇಷನ್ ಗೊತ್ತಿದೆ ಅಂದುಕೊಂಡೇ ಬೋರ್ಡಿನಲ್ಲಿ ಬರೆಯುತ್ತಾರೆ. ಫಲಿತಾಂಶ ಬಂದು ಕ್ಲಾಸ್ ಶುರುವಾಗೋ ನಡುವಿನ ವಾರಗಳಲ್ಲಿ ಇಂಟಿಗ್ರೇಷನ್, ಮ್ಯಾಟ್ರಿಕ್ಸ್, ಮೊದಲ ಹಂತದ ಡಿಫರೆನ್ಷಿಯಲ್ ಈಕ್ವೇಷನ್ ಮೂರನ್ನೂ ಕೈಯಲ್ಲಿ ಮಾಡಿ ಮುಗಿಸಿ. ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಭಯ ಬೇಡ, ಬೀಮಿನ ಶಿಯರ್ ಫೋರ್ಸ್, ಬೆಂಡಿಂಗ್ ಮೊಮೆಂಟ್ ಡಯಾಗ್ರಂ ಡಿಪ್ಲೊಮಾದಲ್ಲೇ ಬಿಡಿಸಿದ್ದೀರಿ. ಕಂಬಿ ಲೆಕ್ಕದವರು ಹೇಳಿದ ಸಜ್ಜದ ಮೇಲ್ಗಡೆ ಕಂಬಿ ಯಾಕೆ ಅಂತ ಆ ಡಯಾಗ್ರಂ ನೋಡಿ ಉತ್ತರ ಹೇಳೋಕೆ ಬಂದರೆ ಬಿಇ ಕ್ಲಾಸಿನಲ್ಲಿ ನೀವು ಮುಂದೆಯೇ ಇರುತ್ತೀರಿ.

ತೂಗುಗುಂಡು

ಒಂದು ಬಿಟ್ಟುಹೋಗಿತ್ತು. ಸೆಂಟ್ರಿಂಗ್ ಬಾಡಿಗೆ ಏರುತ್ತಾ ಇರುತ್ತದೆ, ಹಾಗಾಗಿ ಐದನೇ ದಿನಕ್ಕೇ "ಬಿಚ್ಚೋಣ ಸಾರ್" ಶುರು. 4.5 ಮೀ. ಒಳಗಿನ ಸ್ಲ್ಯಾಬಿನ ಊರೆಗೆ (ಕೆಳಗೆ ನಿಲ್ಲಿಸಿದ ಆಸರೆ ಕಂಬಗಳಿಗೆ) 7 ದಿನ, ಅದಕ್ಕಿಂತ ಉದ್ದ ಇದ್ದರೆ 14, 6 ಮೀ. ಒಳಗಿನ ಬೀಮಿಗೆ 14 ದಿನ. ಇದು ಓಪಿಸಿ (ಸಾಮಾನ್ಯ ಪೋರ್ಟ್‌ಲ್ಯಾಂಡ್) ಸಿಮೆಂಟಿನ ಲೆಕ್ಕ, ಪಿಪಿಸಿಯಾದರೆ ಇನ್ನಷ್ಟು ತಡೆಯಬೇಕು. ಮೋಲ್ಡ್ ಹಾಕಿದ ತಾರೀಕನ್ನು ಸ್ಲ್ಯಾಬಿನ ಅಂಚಿನ ಮೇಲೆ ಬಣ್ಣದಲ್ಲಿ ದೊಡ್ಡದಾಗಿ ಬರೆಸಿಬಿಡು, ಆಮೇಲೆ ಯಾರ ಜೊತೆಗೂ ವಾದ ಮಾಡಬೇಕಾಗಿಲ್ಲ.